ರಾಮದೇವರ ಬೆಟ್ಟ ಗಬ್ಬರ್‌ಗಷ್ಟೇ ಸೇರಿದ್ದಲ್ಲ

ಬೆಂಗಳೂರು–ಮೈಸೂರು ದಶಪಥ 2023ರಲ್ಲಿ ಉದ್ಘಾಟನೆಯಾದ ಮೇಲೆ ಬಹಳಷ್ಟು ಪ್ರಯಾಣಿಕರು ರಾಮನಗರದ ಒಳಗೆ ಕಾಲಿಡುವುದೇ ಇಲ್ಲ. ಆದರೂ ಶನಿವಾರ, ಭಾನುವಾರ ಹೆದ್ದಾರಿ ಬಿಟ್ಟು ರಾಮದೇವರ ಬೆಟ್ಟದತ್ತ ತಿರುಗುವ ಕಾರು, ಬೈಕುಗಳಿಗೇನೂ ಬರವಿಲ್ಲ. ಬಂದವರಲ್ಲಿ ಅನೇಕರು ಮೊದಲು ಕೇಳುವುದು, ‘ಗಬ್ಬರ್ ನಿಂತಿದ್ದ ಬಂಡೆ ಯಾವುದು?’

ಕೇಳಬಾರದೆಂದೇನಿಲ್ಲ. ಗಬ್ಬರ್ ಖಳನಾಗಿದ್ದ, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ನಿರ್ದೇಶಕ ರಮೇಶ್ ಸಿಪ್ಪಿ ಈ ಬೆಟ್ಟಗಳ ಬುಡದಲ್ಲಿ ಇಡೀ ಒಂದು ಹಳ್ಳಿಯ ಸೆಟ್ಟನ್ನೇ ಹಾಕಿಸಿದ್ದರು. ಆದರೆ ಬೆಟ್ಟದ ಗುರುತು ಐವತ್ತು ವರ್ಷಗಳಿಂದ ಅಲ್ಲೇ ನಿಂತುಬಿಟ್ಟಿರುವುದು ಸರಿಯಲ್ಲ.

ಈ ಬೆಟ್ಟದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಈ ಶಿಲೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿನ ಪದರಗಳು ಯುಗಯುಗಗಳ ಕಾಲ ಸವೆದು ಹೋದಂತೆ ಭಾರ ಇಳಿದು, ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರವಾಗಿ ಬಿರಿಯಿತು. ಗುಂಡಗಿನ ನೆತ್ತಿ, ಕಡಿದಾದ ಮೈ, ಅಲ್ಲಲ್ಲಿ ಚಾಚಿಕೊಂಡ ಕಲ್ಲಿನ ಅಂಚುಗಳು ಹೀಗೆ ಮೂಡಿದವು.

ಆ ಅಂಚುಗಳಲ್ಲೇ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಬಂಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆಗಳು ಕಾಣುತ್ತವೆ. ಅವು ಹದ್ದುಗಳ ಹಿಕ್ಕೆ. ಆ ಗೆರೆಗಳ ಮೇಲ್ತುದಿಯಲ್ಲಿ ಹುಡುಕಿದರೆ ಹಕ್ಕಿಯೂ ಕಂಡೀತು. ವರ್ಷಕ್ಕೆ ಒಂದೇ ಮೊಟ್ಟೆ. ಅದು ಕೆಟ್ಟರೆ ಆ ವರ್ಷದ ಸಂತಾನವೇ ಹೋಯಿತು.

ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ದೇಶದ ರಣಹದ್ದುಗಳನ್ನು ಹೆಚ್ಚುಕಡಿಮೆ ಅಳಿಸಿಯೇ ಹಾಕಿತು. ಔಷಧದ ಅಂಶವಿದ್ದ ಹೆಣ ತಿಂದ ಹಕ್ಕಿಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶ ರಣಹದ್ದು ಧಾಮವಾಯಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. ಕನ್ನಡಿಗರು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಸಂಗತಿ ಇದು, ಆದರೆ ಬೆಟ್ಟ ಹತ್ತುವ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಈಗ ಅಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು. ಅವುಗಳ ಎದುರು ಸ್ಪೀಕರ್ ಹಾಕಿ ಕುಣಿಯುವುದು, ಗೂಡಿನ ಮಟ್ಟಕ್ಕೆ ಡ್ರೋನ್ ಹಾರಿಸುವುದು ಮೋಜಲ್ಲ, ಹಿಂಸೆ. ಚಳಿಗಾಲದಿಂದ ಬೇಸಿಗೆಯವರೆಗೆ, ಮೊಟ್ಟೆ ಮರಿಗಳ ಕಾಲದಲ್ಲಿ, ಗೂಡಿಗೆ ಹತ್ತಿರದ ಬಂಡೆಗಳತ್ತ ಯಾರನ್ನೂ ಬಿಡಬಾರದು. ಬೆಟ್ಟದ ಗುಡಿಗೆ ದೇವರ ದರ್ಶನಕ್ಕೆ ಬರುವ ಭಕ್ತರಿಗೆ ಇದರಿಂದ ತೊಂದರೆಯಾಗದಂತೆ ಮೆಟ್ಟಿಲ ದಾರಿಯನ್ನು ತೆರೆದಿಡಬಹುದು.

ಆದರೆ ಬೆಟ್ಟಕ್ಕಷ್ಟೇ ಬೇಲಿ ಹಾಕಿದರೆ ಸಾಲದು. ರಣಹದ್ದು ಆಹಾರಕ್ಕಾಗಿ ಹತ್ತಾರು ಕಿಲೋಮೀಟರ್ ಹಾರುತ್ತದೆ. ಹಾಗಾಗಿ ಸುತ್ತಲ ಊರುಗಳ ಪಶು ಆಸ್ಪತ್ರೆಗಳಲ್ಲಿ, ಔಷಧ ಅಂಗಡಿಗಳಲ್ಲಿ ಡೈಕ್ಲೋಫೆನಾಕ್ ಬದಲು ಹದ್ದಿಗೆ ಅಪಾಯವಿಲ್ಲದ ನೋವಿನ ಔಷಧ ಮೆಲಾಕ್ಸಿಕಾಮ್ ಸುಲಭ ಬೆಲೆಗೆ ಸಿಗುವಂತೆ ಮಾಡಬೇಕು. ಶೋಲೆಯ ಹೆಸರಿನಲ್ಲಿ ಇಲ್ಲಿಗೆ ದುಡ್ಡು ತರುವ ಯಾವುದೇ ಪ್ರವಾಸೋದ್ಯಮ ಯೋಜನೆ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೇ.