ಕ್ರಿಸ್ಮಸ್‌ಗೆ ಮುಂಚೆ ಬಾಕಿ ತೀರಲಿ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ನಮಗೆ ಆಗಮನ ಕಾಲ. ಮಂಗಳೂರಿನ ನಮ್ಮ ಇಗರ್ಜಿಗಳಲ್ಲಿ ಆಗ ಪಾದ್ರಿಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ. ಹಬ್ಬ ಇನ್ನೂ ಬಂದಿಲ್ಲ, ಮನಸ್ಸು ತೊಳೆದುಕೊಳ್ಳಿ ಎಂದು ಹೇಳುವ ದಿನಗಳಿವು. ಅಷ್ಟರಲ್ಲೇ ಹೊರಗೆ ಮನೆಮನೆಗೂ ನಕ್ಷತ್ರ ತೂಗಿರುತ್ತದೆ, ಕುಸ್ವಾರಿಗೆ, ಅಂದರೆ ಹಬ್ಬದ ತಿಂಡಿಗಳಿಗೆ, ಮೈದಾ, ತೆಂಗಿನಕಾಯಿ ಬಂದಿರುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಕಿಡಿಯೊ ತಿಂಡಿ ಮಾಡಲು ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ವರ್ಷದಲ್ಲಿ ಅದೊಂದೇ ಸಲ ಇರಬಹುದು. ನನ್ನ ಮಾತು ಬೇರೆಯದರ ಬಗ್ಗೆ.

ನಾನು ಟೈಲರ್. ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುತ್ತೇನೆ. ನವೆಂಬರ್ ಕೊನೆಯಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 23ನೇ ತಾರೀಕಿಗೆ ಬೇಕೇ ಬೇಕು ಎಂದು ಬಟ್ಟೆ ತಂದು ಕೊಟ್ಟವರಲ್ಲಿ ಕೆಲವರು, ತೆಗೆದುಕೊಂಡು ಹೋಗುವಾಗ ಹೇಳುವ ಮಾತು ಒಂದೇ: ‘ಬಾಯಿ, ಹಬ್ಬದ ಖರ್ಚು ತುಂಬಾ ಉಂಟು. ನ್ಯೂ ಇಯರ್ ಕಳೆದ ಮೇಲೆ ಕೊಡ್ತೇನೆ, ಆಯ್ತಾ?’ ಬೇಡ ಎನ್ನಲು ಬಾಯಿ ಬರುವುದಿಲ್ಲ. ಮಗುವಿನ ಫ್ರಾಕು ಹಿಡಿದುಕೊಂಡು ಹಬ್ಬದ ಮುನ್ನಾದಿನ ಜಗಳಕ್ಕೆ ನಿಲ್ಲುವುದು ಹೇಗೆ? ಆದರೆ ಆ ಫ್ರಾಕಿಗೆ ಹೆಮ್ಮಿಂಗ್ ಮಾಡಿದವಳು, ಹುಕ್ಸ್ ಹಾಕಿದವಳು ನಾನಲ್ಲ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಕೂತು ಕೈಹೊಲಿಗೆ ಹಾಕುವ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ. ಅವರಿಗೂ ಡಿಸೆಂಬರ್ 25 ಉಂಟು.

ಆಗಮನ ಕಾಲದ ವಾಚನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಂತ ಲೂಕರ ಶುಭಸಂದೇಶದ ಮೂರನೇ ಅಧ್ಯಾಯ. ಮೂರು ವರ್ಷಕ್ಕೊಮ್ಮೆ ಅದು ಮೂರನೇ ಭಾನುವಾರಕ್ಕೆ ಬರುತ್ತದೆ. 2024ರಲ್ಲಿ ಬಂದಿತ್ತು, ಇನ್ನು ಬರುವುದು 2027ರಲ್ಲಿ. ಅಲ್ಲಿ ಜನರು ಸ್ನಾನಿಕ ಯೊವಾನ್ನನ ಹತ್ತಿರ ಬಂದು, ತಾವು ಏನು ಮಾಡಬೇಕೆಂದು ಕೇಳುತ್ತಾರೆ. ಅರಣ್ಯದಲ್ಲಿದ್ದ, ಒಂಟೆಯ ರೋಮದ ಬಟ್ಟೆ ಉಟ್ಟ ತಪಸ್ವಿ ಅವನು. ಉಪವಾಸ ಮಾಡಿ, ಜಪಸರ ಹಿಡಿಯಿರಿ ಎನ್ನುತ್ತಾನೆಂದು ನಾವು ಕಾದರೆ, ಅವನು ಹೇಳುವುದೆಲ್ಲ ಬಟ್ಟೆ, ಊಟ ಮತ್ತು ದುಡ್ಡಿನ ಮಾತು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಬೇಕು. ತೆರಿಗೆ ವಸೂಲಿಯವನು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕೀಳಬಾರದು. ಸಿಪಾಯಿ ಯಾರನ್ನೂ ಹೆದರಿಸಿ ಸುಲಿಯಬಾರದು, ತನ್ನ ಸಂಬಳದಲ್ಲೇ ತೃಪ್ತನಾಗಿರಬೇಕು. ಯಾರಿಗೂ ಅವರ ಕೆಲಸ ಬಿಟ್ಟು ಬಾ ಎಂದು ಅವನು ಹೇಳಲಿಲ್ಲ. ಇದ್ದ ಕೆಲಸದಲ್ಲೇ ನ್ಯಾಯವಾಗಿರು ಎಂದ.

ಅಂಗಿಯ ಮಾತು ಬಂದಾಗ ನನಗೆ ಸುಮ್ಮನಿರಲಾಗುವುದಿಲ್ಲ. ಬಡವರಿಗೆಂದು ಡಿಸೆಂಬರಿನಲ್ಲಿ ಒಟ್ಟುಮಾಡಿದ ಬಟ್ಟೆಯ ಚೀಲಗಳು ರಿಪೇರಿಗೆ ನನ್ನಲ್ಲಿಗೆ ಬರುವುದುಂಟು. ಕಂಕುಳಲ್ಲಿ ಬಣ್ಣ ಹೋದ ರವಿಕೆ, ಜಿಪ್ಪು ಕಿತ್ತ ಪ್ಯಾಂಟು, ಲಾಡಿಯೇ ಇಲ್ಲದ ಲಂಗ. ಆಗುವಷ್ಟು ಸರಿಮಾಡಿ ಕೊಡುತ್ತೇನೆ. ಆದರೆ ಯೊವಾನ್ನ ಕೇಳಿದ್ದು ನಮಗೆ ಬೇಡವಾದದ್ದನ್ನಲ್ಲ, ಎರಡರಲ್ಲಿ ಒಂದನ್ನು. ಎರಡನ್ನೂ ನಾವು ಉಡುವಂತಿದ್ದರೆ ಮಾತ್ರ ಅದು ಕೊಟ್ಟಂತೆ.

ಕೂಲಿಯ ವಿಷಯದಲ್ಲಿ ಬೈಬಲ್ ಇನ್ನೂ ಕಟ್ಟುನಿಟ್ಟು. ಕೂಲಿಯವನ ಹಣವನ್ನು ಮರುದಿನ ಬೆಳಗಿನವರೆಗೆ ನಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ ಕಟ್ಟಳೆ. ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೇ ಮುಟ್ಟುತ್ತದೆಂದು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸುತ್ತಾರೆ. ಕ್ರಿಸ್ಮಸ್‌ಗೆ ಮುಂಚೆ ಪಾಪನಿವೇದನೆಗೆ ಸಾಲು ನಿಲ್ಲುವ ನಾವು ಕೋಪ, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲ ನೆನಪು ಮಾಡಿಕೊಳ್ಳುತ್ತೇವೆ. ಮನೆಗೆಲಸದವಳ ಮುರಿದುಕೊಂಡ ಸಂಬಳ, ತೆಂಗಿನಕಾಯಿ ಕೀಳುವವನಿಗೆ ‘ಆಮೇಲೆ’ ಎಂದದ್ದು, ಪೇಂಟರಿಗೆ ಉಳಿದ ಬಾಕಿ ನೆನಪಿಗೆ ಬರುತ್ತದೆಯೆ? ನಮ್ಮ ವ್ಯಾಪಾರ, ನಮ್ಮ ಭಕ್ತಿ ಬೇರೆ ಬೇರೆ ಕಪಾಟಿನಲ್ಲಿವೆ.

ಆದರೆ ಆಗಮನ ಕಾಲದಲ್ಲಿ ಬಲಿಪೀಠದ ಪಕ್ಕ ನಾವು ವಾರಕ್ಕೊಂದು ಬತ್ತಿ ಹಚ್ಚುವ ಹಸಿರು ಚಕ್ರ ಹಾಗೆ ಬೇರೆಯಾಗಿ ಹುಟ್ಟಿದ್ದಲ್ಲ; ಅದರ ಮೂಲ ಬಡವರ ನಡುವೆಯೇ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಚೆರ್ನ್ ಎಂಬ ಲೂಥರನ್ ದೇವಶಾಸ್ತ್ರಜ್ಞ, ಹಬ್ಬ ಯಾವಾಗ ಎಂದು ಕಾಯುತ್ತಿದ್ದ ಮಕ್ಕಳಿಗಾಗಿ ಹಳೆಯ ಗಾಡಿಚಕ್ರದ ಮೇಲೆ ಮೇಣದ ಬತ್ತಿ ನಿಲ್ಲಿಸಿದರು. ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ. ಆ ಮಕ್ಕಳಿಗಾಗಿ ಶುರುವಾದದ್ದು ಕಥೊಲಿಕರಾದ ನಮ್ಮ ಬಲಿಪೀಠದವರೆಗೂ ಬಂತು.

ನಮ್ಮ ಪಾದ್ರಿಗಳಲ್ಲಿ, ಇಗರ್ಜಿಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಗೋದಲಿ ಸ್ಪರ್ಧೆಯ ಪ್ರಕಟಣೆಯ ಜೊತೆಗೆ ಇದನ್ನೂ ಓದಿ ಹೇಳಿ: ಯಾರ ಕೂಲಿ ನಿಮ್ಮ ಬಳಿ ಬಾಕಿ ಉಂಟೋ ಅದನ್ನು ನಾಲ್ಕನೇ ಭಾನುವಾರದ ಒಳಗೆ ಕೊಟ್ಟುಬಿಡಿ. ಇಗರ್ಜಿಯೂ ಹಾಗೆಯೇ ಮಾಡಲಿ. ಮೈಕಿನವರಿಗೆ, ಲೈಟಿಂಗಿನವರಿಗೆ, ಬ್ಯಾಂಡಿನ ಹುಡುಗರಿಗೆ ಕೆಲಸ ಮುಗಿದ ರಾತ್ರಿಯೇ ದುಡ್ಡು ಸಿಗಲಿ. ನನ್ನಲ್ಲಿ ಕೈಹೊಲಿಗೆ ಹಾಕುವವರ ಲೆಕ್ಕವನ್ನು ನಾನು, ಗಿರಾಕಿಗಳು ಕೊಟ್ಟಿರಲಿ ಬಿಡಲಿ, 18ನೇ ತಾರೀಕಿಗೆ ಮುಗಿಸುತ್ತೇನೆ. ಅವರೂ ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಬೇಕು, ಅಂಗಡಿಗಳಲ್ಲಿ ಒಳ್ಳೆಯ ಸೈಜುಗಳು ಮುಗಿಯುವ ಮೊದಲು.