ಯಂತ್ರ ನಮ್ಮದು, ಬೀಗದ ಕೈ ಯಾರದು?

2025ನೇ ಇಸವಿ ಅಕ್ಟೋಬರ್ 14ರಂದು ಅಮೆರಿಕೆಯ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಎಲ್ಲರಿಗೂ ಕೊಡುತ್ತಿದ್ದ ಭದ್ರತೆಯ ತಿದ್ದುಪಡಿಗಳನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಮಾತ್ರ ಒಂದು ವರ್ಷದ ವಾಯಿದೆ ಎಂದಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಕಂಪೆನಿ ಒಪ್ಪಿದ ಪಟ್ಟಿಯ ಪ್ರೊಸೆಸರೂ ಇರಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ 8ನೇ ತಲೆಮಾರಿಗಿಂತ ಹಿಂದಿನವು ಬಹುಮಟ್ಟಿಗೆ ಆ ಪಟ್ಟಿಯಲ್ಲಿಲ್ಲ. ಗಿರಣಿ ಕಾರ್ಮಿಕ ಬೋನಸ್ಸಿನ ಹಣದಲ್ಲಿ ಮಗಳ ಓದಿಗೆಂದು ಕೊಂಡ ಯಂತ್ರ, ಕಿರಾಣಿ ವ್ಯಾಪಾರಿ ಲೆಕ್ಕಕ್ಕೆಂದು ಇಟ್ಟುಕೊಂಡ ಯಂತ್ರ, ಎರಡೂ ಓಡುತ್ತಿರುವಾಗಲೇ ಗುಜರಿಗೆ ಸಲ್ಲಬೇಕೆಂಬ ತೀರ್ಪು ಸಮುದ್ರದಾಚೆಯಿಂದ ಬಂತು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಕಿಡಿ ತಗುಲಿದ್ದು ಗೇಣಿ ಅಳೆಯುವ ಕೊಳಗದಿಂದ. ಬೆವರು ಒಕ್ಕಲಿನದು, ಕೊಳಗ ಧಣಿಯದು. ಇಂದು ಕಂಪ್ಯೂಟರಿಗೆ ಹಣ ಕೊಟ್ಟವರು ನಾವು. ಅದು ಎಷ್ಟು ಕಾಲ ಬಾಳಬೇಕೆಂದು ಅಳೆಯುವ ಕೊಳಗ ಮಾತ್ರ ಕಂಪೆನಿಯ ಕೈಯಲ್ಲಿದೆ.

ಈ ಕೊಳಗವನ್ನು ಒಪ್ಪದವರು ಹಿಂದೆಯೇ ಹುಟ್ಟಿದ್ದಾರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಇವುಗಳ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ಅದೇ ಹಕ್ಕನ್ನು ಮುಂದಿನವನಿಗೂ ಕೊಡಬೇಕು. ಸಹಕಾರ ತತ್ತ್ವ ಎಂದರೆ ಇದಲ್ಲದೆ ಮತ್ತೇನು? ಇದು ಬಡವರ ಪಾಲಿನ ಕಳಪೆ ಸರಕೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸ್.

ಮನೆಯಲ್ಲಿ ಮಾಡಬೇಕಾದ ಕೆಲಸ ಕಠಿಣವಲ್ಲ. ಮೊದಲು ಫೋಟೋ, ಅಂಕಪಟ್ಟಿ, ಲೆಕ್ಕದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳತಕ್ಕದ್ದು. ಈ ಹೆಜ್ಜೆಯನ್ನು ಬಿಟ್ಟವರು ಮುಂದಿನದಕ್ಕೆ ಕೈ ಹಾಕಬಾರದು. ಬಳಿಕ 8 ಜಿಬಿಯ ಖಾಲಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಂಡು, ಅದರಿಂದಲೇ ಯಂತ್ರವನ್ನು ಚಾಲೂ ಮಾಡಬೇಕು. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಎಲ್ಲವನ್ನೂ ಪರೀಕ್ಷಿಸಬಹುದು. ವೈಫೈ ಹಿಡಿಯುತ್ತದೆಯೆ, ಪ್ರಿಂಟರು ಅಚ್ಚು ಹಾಕುತ್ತದೆಯೆ, ಧ್ವನಿ ಕೇಳುತ್ತದೆಯೆ ನೋಡಿ, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸುವುದು. ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 4 ಜಿಬಿ ರ‍್ಯಾಮ್ ಇದ್ದರೆ ಅಡ್ಡಿಯಿಲ್ಲ. ಹಳೆಯ ಹಾರ್ಡ್ ಡಿಸ್ಕಿನ ಬದಲು ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಚುರುಕಾಗುತ್ತದೆ. ಸ್ಥಾಪಿಸಿದ ದಿನವೇ ಟೈಮ್‌ಶಿಫ್ಟ್ ಚಾಲೂ ಮಾಡಿಟ್ಟರೆ, ಮುಂದೆ ವ್ಯವಸ್ಥೆ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು.

ಪತ್ರ, ಲೆಕ್ಕದ ಪಟ್ಟಿಗಳಿಗೆ ಲಿಬ್ರೆ ಆಫೀಸ್ ಅದರೊಡನೆಯೇ ಬರುತ್ತದೆ. ಸಣ್ಣ ಅಂಗಡಿಯ ಜಮಾಖರ್ಚಿಗೆ ಗ್ನೂಕ್ಯಾಶ್ ಇದೆ. ಪುಟ್ಟ ಮಕ್ಕಳಿಗೆ ಆಟದೊಡನೆ ಪಾಠ ಹೇಳುವ ಜಿಕಾಂಪ್ರಿಸ್ ಇದೆ. ಐಬಸ್ ಸೇರಿಸಿಕೊಂಡರೆ ಕಗಪ ಕೀಲಿಮಣೆಯಲ್ಲಿ ಕನ್ನಡ ಬರೆಯಬಹುದು. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದ್ದು ಅಲ್ಪ. ಆದರೆ ಹಳೆಯ ನುಡಿ ಅಕ್ಷರದ ಕಡತಗಳನ್ನು ಮೊದಲೇ ಯೂನಿಕೋಡಿಗೆ ಬದಲಾಯಿಸಿಕೊಳ್ಳುವುದು ಲೇಸು.

ತೊಡಕುಗಳನ್ನು ಮುಚ್ಚಿಟ್ಟು ಪ್ರಚಾರ ಮಾಡುವುದು ನಮ್ಮ ಪದ್ಧತಿಯಲ್ಲ. ಟ್ಯಾಲಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ಅದನ್ನೇ ನೆಚ್ಚಿದ ವ್ಯಾಪಾರಿಗಳು ಅವಸರಪಡಬಾರದು. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಮೊದಲು ಪರೀಕ್ಷಿಸಿ ನೋಡಬೇಕು. ಕೆಲವು ಪ್ರಿಂಟರುಗಳು ಹಟ ಮಾಡುತ್ತವೆ. ಅಂಗಡಿಯ ಯಂತ್ರ ಹಾಗೆಯೇ ಇರಲಿ, ಮನೆಯದನ್ನು ಬದಲಿಸೋಣ ಎಂಬುದೂ ಒಳ್ಳೆಯ ಆರಂಭವೇ. ಕದ್ದ ವಿಂಡೋಸ್ ಹಾಕಿಸಿಕೊಳ್ಳುವುದು ಮಾತ್ರ ದಾರಿಯಲ್ಲ: ಅದರಲ್ಲಿ ಕಂಪೆನಿಯ ಹಿಡಿತವೂ ತಪ್ಪದು, ವೈರಸ್ಸಿನ ಭಯವೂ ತಪ್ಪದು.

ಇನ್ನು ಸರಕಾರದ ಮಾತು. ಕೇಂದ್ರ ಸರಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು 2015ರಲ್ಲೇ ಪ್ರಕಟಿಸಿತು. ನೆರೆಯ ಕೇರಳ ತನ್ನ ಸರಕಾರಿ ಶಾಲೆಗಳ ಮಕ್ಕಳಿಗೆ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಸಿ ಅದು ಸಾಧ್ಯವೆಂದು ತೋರಿಸಿದೆ. ನಮ್ಮ ಜಿಲ್ಲೆಯ ಶಾಲೆಗಳ ಹಳೆಯ ಯಂತ್ರಗಳು ಗುಜರಿಗೆ ಹೋಗುವ ಮುನ್ನ ಅವುಗಳಿಗೆ ಲಿನಕ್ಸ್ ಹಾಕಿ ನೋಡಲಾಗಿದೆಯೆ? ನಮ್ಮ ಪ್ರತಿನಿಧಿಗಳು ಇದನ್ನು ಸಭೆಯಲ್ಲಿ ಕೇಳಲಿ. ಹೊಸ ಯಂತ್ರಕ್ಕೆ ಸುರಿಯುವ ಹಣ ಜನರ ತೆರಿಗೆಯದು.

ಸರಕಾರ ಉತ್ತರಿಸುವತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ವಾರದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಬಲ್ಲ ಯುವಕ ಯುವತಿಯರು ನಮ್ಮ ಕೇರಿಗಳಲ್ಲೇ ಇದ್ದಾರೆ. ಒಬ್ಬರು ಕಲಿತು ಇಬ್ಬರಿಗೆ ಕಲಿಸಿದರೆ, ಒಂದೇ ಪೆನ್‌ಡ್ರೈವ್ ಇಡೀ ಓಣಿಯನ್ನು ಸುತ್ತಿ ಬರುತ್ತದೆ. ಬೆವರು ಸುರಿಸಿ ಕೊಂಡ ಯಂತ್ರದ ಆಯುಷ್ಯವನ್ನು ನಿರ್ಧರಿಸುವ ಹಕ್ಕು ಕೊಂಡವನದೇ. ಆ ಹಕ್ಕನ್ನು ಚಲಾಯಿಸೋಣ.