ಪಟ್ಟಿಯಲ್ಲಿ ಇಲ್ಲದ ವೈರಸ್

ರೋಗಪತ್ತೆ ಕಿಟ್‌ಗಳಿಗೆ ಐರೋಪ್ಯ ಒಕ್ಕೂಟ 2017ರಲ್ಲಿ ತಂದ ನಿಯಮ ಬರೀ ಕಾಗದದ ಹೊರೆ ಎಂಬ ವಾದ, 1998ರ ಹಳೆಯ ನಿರ್ದೇಶನವನ್ನು ಮರೆತಂತಿದೆ. ಆಗ ಹೊರಗಿನವರ ತಪಾಸಣೆ ಬೇಕಿದ್ದುದು ಪಟ್ಟಿಯಲ್ಲಿ ಹೆಸರಿದ್ದ ಎಚ್‌ಐವಿ, ಹೆಪಟೈಟಿಸ್‌ನಂಥ ಕೆಲವು ಪರೀಕ್ಷೆಗಳಿಗೆ, ಜನ ಮನೆಯಲ್ಲೇ ಬಳಸುವ ಕಿಟ್‌ಗಳಿಗೆ ಮಾತ್ರ. ಉಳಿದವಕ್ಕೆ ತಯಾರಕರ ಸ್ವಯಂಘೋಷಣೆಯೇ ಸಾಕಿತ್ತು. 2019ರ ಕೊನೆಯಲ್ಲಿ ಕಾಣಿಸಿಕೊಂಡ ಕೋವಿಡ್ ವೈರಸ್ ಆ ಪಟ್ಟಿಯಲ್ಲಿ ಇರಲಿಲ್ಲ; ಇರುವುದಾದರೂ ಹೇಗೆ? ಹಾಗಾಗಿ ಪ್ರಯೋಗಾಲಯಗಳಿಗೆ ಹೋದ ಕಿಟ್‌ಗಳ ಮೇಲೆ ಒಕ್ಕೂಟದಲ್ಲಿ ಮಾರಲು ಬೇಕಾದ ಸಿಇ ಮುದ್ರೆಯನ್ನು ತಯಾರಕರೇ ಒತ್ತಿಕೊಂಡರು. ಹೊಸ ನಿಯಮ ಹೆಸರು ನೋಡುವುದಿಲ್ಲ, ಅಪಾಯವನ್ನು ಅಳೆದು ಎ, ಬಿ, ಸಿ, ಡಿ ಎಂದು ವರ್ಗ ಮಾಡಿ, ಹೊರಗಿನವರ ತಪಾಸಣೆ ಬೇಕೇ ಎಂಬುದನ್ನು ಅದರಂತೆ ನಿರ್ಧರಿಸುತ್ತದೆ. ತಪಾಸಣಾ ಸಂಸ್ಥೆಗಳು ಸಾಲದೆಂಬ ದೂರು ಮಾತ್ರ ನಿಜ. ಆದರೆ ಅದನ್ನು ಯಾರೂ ಕಡೆಗಣಿಸಿಲ್ಲ: ಹಳೆಯ ಕಿಟ್‌ಗಳ ಗಡುವನ್ನು, ವರ್ಗಕ್ಕೆ ತಕ್ಕಂತೆ, 2027 ಮತ್ತು 2029ರ ನಡುವಿನ ದಿನಗಳಿಗೆ ಈಗಾಗಲೇ ಮುಂದೂಡಲಾಗಿದೆ.